ಬಾತ ಕೈಗೆ ಕಂಪ್ರೆಷನ್ ಸ್ಲೀವ್: ಎಂಟು ತಿಂಗಳ ಬಳಕೆಯ ನಂತರ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಅಮ್ಮನ ಬಲಗಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ಗ್ರಂಥಿಗಳನ್ನು) ತೆಗೆದು, ಬಳಿಕ ವಿಕಿರಣ ಚಿಕಿತ್ಸೆಯನ್ನೂ ಕೊಟ್ಟಿದ್ದರು. ಕೆಲವು ತಿಂಗಳಲ್ಲಿ, ದುಗ್ಧರಸ ಎಂಬ ಅಂಗಾಂಶದ ದ್ರವ ಸರಿಯಾಗಿ ಹರಿದುಹೋಗದೆ, ಕೈ ಬಾತು ಗಾಜಿನ ಬಳೆ ಏರದಂತಾದಾಗ ಫಿಸಿಯೋಥೆರಪಿಸ್ಟರು ಬರೆದುಕೊಟ್ಟದ್ದು ತೋಳಿಗೆ ಬಿಗಿಯಾಗಿ ತೊಡುವ ಈ ಸ್ಲೀವ್: ಎರಡನೆಯ ದರ್ಜೆಯದು, 23ರಿಂದ 32 ಮಿ.ಮೀ. ಪಾದರಸದಷ್ಟು ಒತ್ತಡದ್ದು.

ಮೊದಲ ಖರೀದಿ ದಂಡವಾಯಿತು. ಅಂಗಡಿಯವರು ಸಂಜೆ, ಬಾವು ಏರಿದ್ದ ಹೊತ್ತಿನಲ್ಲಿ, ತೋಳಿನ ಒಂದೇ ಕಡೆ ಟೇಪು ಸುತ್ತಿ ಅಳತೆ ತೆಗೆದಿದ್ದರಿಂದ ಸ್ಲೀವ್ ಮೊಣಕೈ ಹತ್ತಿರ ಸುರುಳಿಯಾಗಿ, ದಾರ ಬಿಗಿದಂತೆ ಚರ್ಮವನ್ನು ಕಚ್ಚುತ್ತಿತ್ತು. ಎರಡನೆಯದಕ್ಕೆ, ಬ್ಯಾಂಡೇಜ್ ಕಟ್ಟಿ ಬಾವು ಇಳಿಸಿದ ಮೇಲೆ ಬೆಳಗ್ಗೆ ಮಣಿಕಟ್ಟಿನಿಂದ ಕಂಕುಳಿನವರೆಗೆ ನಾಲ್ಕು ಕಡೆ ಅಳತೆ ಕೊಟ್ಟೆವು. ಅದು ಸರಿಯಾಗಿ ಕೂತಿತು.

ಆದರೆ ಪೆಟ್ಟಿಗೆಯ ಮೇಲೆ ‘ಹಾಳಾದ ನಾಳಗಳನ್ನು ಮತ್ತೆ ಬೆಳೆಸುತ್ತದೆ’ ಎಂದು ಅಚ್ಚಾಗಿರುವುದನ್ನು ನಾನು ಒಪ್ಪಲಾರೆ. ಆ ನಾಳಗಳಲ್ಲಿ ದುಗ್ಧರಸವನ್ನು ದೂಡಲು ಹೃದಯದಂಥ ಪಂಪು ಇಲ್ಲ. ನಾಳದ ಗೋಡೆಯ ಸಂಕೋಚನ, ಒಳಗಿನ ಕವಾಟಗಳು ಮತ್ತು ಸುತ್ತಲಿನ ಸ್ನಾಯುಗಳ ಚಲನೆ ಸೇರಿ ಅದನ್ನು ಸಾಗಿಸಬೇಕು. ಕೈಯಾಡಿಸುವಾಗ ಸ್ನಾಯುಗಳಿಗೆ ಹೊರಗಿನಿಂದ ಬಿಗಿಯಾದ ಆಸರೆ ಕೊಡುವುದಷ್ಟೇ ಸ್ಲೀವಿನ ಕೆಲಸ. ನಾಳ ಬೆಳೆಯುವ ಬಗೆಯೇ ಬೇರೆ. ಹೆಲ್ಸಿಂಕಿಯ ವಿಜ್ಞಾನಿ ಕಾರಿ ಅಲಿಟಾಲೊ ಅವರ ತಂಡ 1996ರಲ್ಲಿ ವರದಿ ಮಾಡಿದ ವಿಇಜಿಎಫ್-ಸಿ ಎಂಬ ಪ್ರೋಟೀನು, ಇರುವ ನಾಳಗಳ ಒಳಪದರದ ಕೋಶಗಳಿಗೆ ಅಂಟಿಕೊಂಡಾಗ, ಅಲ್ಲಿಂದ ಬಳ್ಳಿಯ ಕುಡಿಯಂತೆ ಹೊಸ ಕವಲು ಚಿಗುರುತ್ತದೆ. ಚರ್ಮದ ಸಾದಾ ಗಾಯದಲ್ಲಿ ಈ ಕವಲುಗಳು ಸೀಳನ್ನು ದಾಟಿ ಕೂಡಿಕೊಳ್ಳಬಲ್ಲವು. ವಿಕಿರಣದಿಂದ ನಾರುಗಟ್ಟಿದ ಕಂಕುಳಿನಲ್ಲಿ ಅವುಗಳಿಗೆ ದಾರಿ ಸಿಗುವುದು ಕಷ್ಟ. ಕರುಳಿನ ಸಂಗತಿ ಇನ್ನೂ ವಿಚಿತ್ರ: ಅಲ್ಲಿ ಕೊಬ್ಬು ಹೀರುವ ನಾಳಗಳು ಇದ್ದಂತೆ ಉಳಿದುಕೊಳ್ಳುವುದಕ್ಕೂ, ಬೆಳೆದ ಇಲಿಗಳಲ್ಲಿ ಕಂಡಂತೆ, ಇದೇ ಪ್ರೋಟೀನು ಬೇಕು. ಹೃದಯಾಘಾತವಾದ ಇಲಿಗಳಿಗೆ ಇದನ್ನು ಕೊಟ್ಟಾಗ ಹೃದಯದ ದುಗ್ಧನಾಳಗಳು ಹೆಚ್ಚಿದ್ದೂ ಉಂಟು. ನೈಲಾನಿನ ಬಟ್ಟೆಯೊಂದು ಇಷ್ಟೆಲ್ಲ ಮಾಡೀತೆಂದು ಅಚ್ಚು ಹಾಕಿದವರ ಧೈರ್ಯ ಮೆಚ್ಚಬೇಕು.

ಆ ಮಾತೊಂದನ್ನು ಬಿಟ್ಟರೆ ಸರಕು ಒಳ್ಳೆಯದೇ. ಸಂಜೆ ಕಳಚಿದಾಗ ಚರ್ಮದ ಮೇಲೆ ನೇಯ್ಗೆಯ ಸಣ್ಣ ಗೆರೆಗಳು ಮೂಡಿರುತ್ತವೆ, ಆದರೆ ಉರಿಯಿಲ್ಲ; ಬಳೆ ಈಗ ಸೋಪು ಹಚ್ಚದೆಯೇ ಏರುತ್ತದೆ. ಬೆರಳಿಲ್ಲದ ಕೈಗವಸನ್ನು ಬೇರೆಯಾಗಿ ಕೊಳ್ಳಬೇಕಾದ್ದು ಮಾತ್ರ ಅನ್ಯಾಯ, ಏಕೆಂದರೆ ಅದಿಲ್ಲದ ಮೊದಲ ವಾರ ಬಾವೆಲ್ಲ ಅಂಗೈಯ ಹಿಂಭಾಗಕ್ಕೆ ಇಳಿದಿತ್ತು. ಆರು ತಿಂಗಳಿಗೆ ಹಿಡಿತ ಸಡಿಲವಾಗಿ, ಈಗ ಹೊಸದನ್ನು ತಂದಿದ್ದೇವೆ. ಒಗೆದು ಒಣಗಿಸಲು ಎರಡು ಸ್ಲೀವ್ ಕೊಳ್ಳುವುದು ಮೇಲು. ಕೈ ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ಸ್ಲೀವ್ ತೆಗೆದು ಅಂದೇ ವೈದ್ಯರನ್ನು ಕಾಣಬೇಕೆಂಬ ಸೂಚನೆ, ಪೆಟ್ಟಿಗೆಯ ಮೇಲೆ ಎಲ್ಲೂ ಇಲ್ಲ.