ಇಳಿಜಾರು ಹಲಗೆಯ ಕಿಟ್: ಹಲಗೆ ಚೆನ್ನಾಗಿದೆ, ಪುಸ್ತಿಕೆ ನಂಬಬೇಡಿ

ಒಂಬತ್ತನೇ ಕ್ಲಾಸಿಗೆ ಚಲನೆಯ ಪಾಠ ಮಾಡುವಾಗ ಪ್ರತಿ ವರ್ಷ ನನಗೆ ಇದೇ ಕಷ್ಟ. ಮಕ್ಕಳು ಮೂರು ಸಮೀಕರಣಗಳನ್ನೂ ಗಡಗಡ ಹೇಳುತ್ತಾರೆ. ಏಕರೂಪ ವೇಗೋತ್ಕರ್ಷ ಅಂದರೇನು ಅಂತ ಕೇಳಿದರೆ ಮಾತ್ರ "ಒಂದೇ ವೇಗದಲ್ಲಿ ಹೋಗೋದು ಟೀಚರ್" ಅನ್ನುತ್ತಾರೆ. ಒಂದೇ ಆಗಿರುವುದು ವೇಗವಲ್ಲ, ವೇಗ ಏರುವ ಲೆಕ್ಕ. ಇದನ್ನು ಕಣ್ಣಿಗೆ ಕಾಣಿಸಬೇಕು ಅಂತ 850 ರೂಪಾಯಿ ಕೊಟ್ಟು ಈ ಕಿಟ್ ತರಿಸಿದೆ.

120 ಸೆಂಟಿಮೀಟರ್ ಉದ್ದದ ಮರದ ಹಲಗೆ, ಎರಡೂ ಬದಿಗೆ ಪಟ್ಟಿ, ಒಂದು ಉಕ್ಕಿನ ಗುಂಡು, ಒಂದು ಸಣ್ಣ ಪುಸ್ತಿಕೆ. ಇಷ್ಟೇ. ಒಂದು ತುದಿಯನ್ನು 6 ಸೆಂಟಿಮೀಟರ್ ಎತ್ತರಿಸಿ ಗುಂಡು ಬಿಟ್ಟೆವು. ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ ಐದೈದು ಸಲ ಅಳೆದು ಸರಾಸರಿ ತೆಗೆದೆವು. ಮೊದಲ 25 ಸೆಂಟಿಮೀಟರ್‌ಗೆ 1.2 ಸೆಕೆಂಡ್. ಪೂರ್ತಿ ಒಂದು ಮೀಟರ್‌ಗೆ 2.4. ಸಮಯ ಎರಡು ಪಟ್ಟು, ದೂರ ನಾಲ್ಕು ಪಟ್ಟು! ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಹತ್ತದ 'ಟಿ ವರ್ಗ', ಅಂದರೆ ಸಮಯದ ವರ್ಗ, ಆವತ್ತು ಹಿಂದಿನ ಬೆಂಚಿಗೂ ಹತ್ತಿತು.

ತುಂಬಾ ಎತ್ತರಿಸಬೇಡಿ. 12 ಸೆಂಟಿಮೀಟರ್ ಮಾಡಿದರೆ ಗುಂಡು 1.7 ಸೆಕೆಂಡಿಗೇ ಮುಗಿಸಿಬಿಡುತ್ತದೆ, ಬೆರಳು ಒತ್ತುವ ತಡವೇ ಜಾಸ್ತಿ ಅನ್ನಿಸುತ್ತದೆ. ಗೆಲಿಲಿಯೋ ಇಳಿಜಾರು ಹಿಡಿದದ್ದೂ ಇದಕ್ಕೇ ಅಲ್ವಾ? ಬೀಳುವ ವಸ್ತುವನ್ನು ನಿಧಾನ ಮಾಡಿಕೊಂಡು, ಪಾತ್ರೆಯಿಂದ ಹರಿದ ನೀರನ್ನು ತೂಗಿ ಆತ ಸಮಯ ಅಳೆದ.

ಈಗ ದೂರು. ಹಲಗೆ ತೆಳು, ನಡುವೆ ಸ್ವಲ್ಪ ಬಾಗುತ್ತದೆ. ಬಾಗಿದರೆ ಮೇಲೆ ಇಳಿಜಾರು ಜಾಸ್ತಿ, ಕೆಳಗೆ ಕಡಿಮೆ. ಆಗ ವೇಗೋತ್ಕರ್ಷ ಏಕರೂಪವೇ ಅಲ್ಲ. ಸರಿಯಾಗಿ ನಡುವೆ 3 ಸೆಂಟಿಮೀಟರ್ ದಪ್ಪದ ನೋಟ್‌ಬುಕ್ ಕಟ್ಟು ಇಟ್ಟ ಮೇಲೆಯೇ ನಮ್ಮ ಲೆಕ್ಕ ಕೂಡಿತು.

ಪುಸ್ತಿಕೆಯದು ಇದಕ್ಕಿಂತ ದೊಡ್ಡ ತಪ್ಪು. 6 ಸೆಂಟಿಮೀಟರ್ ಎತ್ತರಕ್ಕೆ ವೇಗೋತ್ಕರ್ಷ 0.49 ಮೀಟರ್/ಸೆಕೆಂಡ್² ಬರಬೇಕು ಅಂತ ಅಚ್ಚು ಹಾಕಿದ್ದಾರೆ. ನಮಗೆ ಬಂದದ್ದು 0.35. ದೂರದ ಎರಡು ಪಟ್ಟನ್ನು ಸಮಯದ ವರ್ಗದಿಂದ ಭಾಗಿಸಿ ನೋಡಿ: 2 ಭಾಗಿಸು 5.76. ಮಕ್ಕಳು "ನಮ್ದೇ ತಪ್ಪು" ಅಂತ ಮುಖ ಸಣ್ಣ ಮಾಡಿದರು, ನನಗೆ ನಿಜಕ್ಕೂ ಬೇಜಾರಾಯಿತು. ತಪ್ಪು ಅವರದ್ದಲ್ಲ. 0.49 ಅನ್ನುವುದು ಘರ್ಷಣೆಯೇ ಇಲ್ಲದೆ ಜಾರುವ ವಸ್ತುವಿನ ಲೆಕ್ಕ. ಗುಂಡು ಜಾರುವುದಿಲ್ಲ, ಉರುಳುತ್ತದೆ. ತನ್ನನ್ನು ತಿರುಗಿಸಿಕೊಳ್ಳುವುದಕ್ಕೂ ಶಕ್ತಿ ಹೋಗುತ್ತದೆ. ಗಟ್ಟಿ ಗುಂಡಿಗೆ ಏಳರಲ್ಲಿ ಐದು ಪಾಲು ವೇಗೋತ್ಕರ್ಷ ಮಾತ್ರ ಉಳಿಯುತ್ತದೆ. 0.49ರಲ್ಲಿ ಅಷ್ಟು ಪಾಲು ಅಂದರೆ 0.35. ಮಕ್ಕಳು ಅಳೆದದ್ದು ಎಷ್ಟು ಸರಿ ನೋಡಿ! ತಯಾರಿಸಿದವರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಇಷ್ಟಾದರೂ ಶಿಕ್ಷಕರು ಕೊಳ್ಳಬಹುದು ಅಂತಲೇ ಹೇಳುತ್ತೇನೆ. ಮನೆಯಲ್ಲಿ ಮಗು ಒಂದೇ ಕೂತು ಮಾಡುವುದಾದರೆ ಬೇಡ, ಆ ಪುಸ್ತಿಕೆ ದಾರಿ ತಪ್ಪಿಸುತ್ತದೆ. ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಮರುದಿನ ಮನೆಯಿಂದ ಟೇಬಲ್ ಟೆನಿಸ್ ಚೆಂಡು ತಂದಿದ್ದಳು. ಒಳಗೆ ಟೊಳ್ಳಾದರೆ ಐದರಲ್ಲಿ ಮೂರು ಪಾಲೇ ಉಳಿಯುವುದು. ಎರಡನ್ನೂ ಒಟ್ಟಿಗೆ ಬಿಟ್ಟೆವು. ಉಕ್ಕಿನ ಗುಂಡು ಒಂದು ಮೀಟರ್ ಗೆರೆ ದಾಟಿದಾಗ ಚೆಂಡು ಒಂದು ಗೇಣು ಹಿಂದೆ ಇತ್ತು.