ಬಳ್ಳಾರಿ ಕಡೆ ಹಳೇ ಥಾರ್ ತಗೊಳ್ಳೋರು ಓದಿ: ‘ಹೊಸ ಮಾಡೆಲ್’ ಅಂತ ಹೆಚ್ಚಿಗೆ ದುಡ್ಡು ಸುರೀಬೇಡಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಸೆಕೆಂಡ್ ಹ್ಯಾಂಡ್ ಮಹೀಂದ್ರಾ ಥಾರ್ ಜೀಪು ಹುಡುಕ್ತಾ ಇರೋರು ಟೋಕನ್ ಕೊಡೋಕೆ ಮುಂಚೆ ಇದನ್ನ ಓದಿ. 2021ರ ಗಾಡಿ ಒಂದು, 2023ರ ಗಾಡಿ ಒಂದು ಪಕ್ಕಪಕ್ಕ ನಿಲ್ಲಿಸಿರ್ತಾರೆ. ಎರಡೂ ಡೀಸೆಲ್, ಎರಡೂ ಎಲ್‌ಎಕ್ಸ್ (ಮೇಲಿನ ದರ್ಜೆಯ ಮಾಡೆಲ್), ಎರಡೂ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಗಾಡಿ. "ಎಲ್ಲಾ ಸೇಮ್ ಅಣ್ಣ, ಇದು ಎರಡು ವರ್ಷ ಹೊಸದು ಅಷ್ಟೇ" ಅಂತಾರೆ. ಸೇಮ್ ಅಲ್ಲ. ನನಗೆ ಬೇಕಾಗಿದ್ದ ಒಂದೇ ಒಂದು ವಸ್ತು ಹಳೇದರಲ್ಲಿ ಇತ್ತು, ಹೊಸದರಲ್ಲಿ ಇರಲಿಲ್ಲ. ಆ ಇಲ್ಲದ ವಸ್ತು ಇದೆ ಅಂತ ಹೇಳಿ ನನ್ನ ಕೈಯಿಂದ 1 ಲಕ್ಷ 85 ಸಾವಿರ ಹೆಚ್ಚಿಗೆ ಕಿತ್ತುಕೊಂಡರು.

ನಮ್ಮದು ಸಿಂಧನೂರು ತಾಲೂಕು. ಕೆನಾಲ್ ದಂಡೆ ಇಳಿದು ಹೊಲಕ್ಕೆ ಹೋಗೋ ಬಂಡಿ ದಾರಿ ಪೂರ್ತಿ ಎರಿಮಣ್ಣು. ಈ ಕಡೆಯೋರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಒಂದು ಹದ ಮಳೆ ಬಿದ್ದರೆ ಟೈರಿನ ಗಾಡಿಯೆಲ್ಲಾ ಮಣ್ಣು ಮೆತ್ತಿಕೊಂಡು ನುಣ್ಣಗಾಗ್ತದೆ, ಒಂದು ಚಕ್ರ ಸುಮ್ಮನೆ ತಿರುಗ್ತಾ ಕೂರ್ತದೆ, ಇನ್ನೊಂದು ಮಿಸುಕೋದಿಲ್ಲ. ಅದಕ್ಕೇ ನಾನು ಹೋದಲ್ಲೆಲ್ಲಾ ಒಂದೇ ಕೇಳಿದ್ದು: ಹಿಂದಿನ ಎರಡು ಚಕ್ರದ ನಡುವಿನ ಹೌಸಿಂಗ್‌ನಲ್ಲಿ ಮೆಕ್ಯಾನಿಕಲ್ ಲಾಕ್ ಇದೆಯೋ ಇಲ್ಲವೋ. ಎಂಎಲ್‌ಡಿ ಅಂತಾರಲ್ಲ, ಅದು; ಒಂದು ಚಕ್ರ ಜಾರಿ ತಿರುಗಿದರೆ ಎರಡನ್ನೂ ಜೋಡಿಸಿ ಒಟ್ಟಿಗೆ ತಿರುಗಿಸ್ತದೆ. ಬಣ್ಣ ಯಾವುದಾದರೂ ಆಗಲಿ, ಟಚ್ ಸ್ಕ್ರೀನ್ ಇಲ್ಲದಿದ್ದರೂ ನಡೀತದೆ, ಲಾಕ್ ಬೇಕು.

ಬಳ್ಳಾರಿಯ ಆ ಅಂಗಡಿಯ ಹೆಸರು ಇಲ್ಲಿ ಹಾಕಲ್ಲ, ಕೇಸ್ ನಡೀತಾ ಇದೆ. ಅಲ್ಲಿ ಎರಡು ಗಾಡಿ ಇದ್ದವು. ಕಪ್ಪು 2021ಕ್ಕೆ 11 ಲಕ್ಷ 40 ಸಾವಿರ. ಕೆಂಪು 2023ಕ್ಕೆ 13 ಲಕ್ಷ 25 ಸಾವಿರ. ನಾನು ಕಪ್ಪು ಗಾಡಿ ಹತ್ತಿರ ನಿಂತಿದ್ದೆ. ಅಂಗಡಿಯವನೇ ಬಂದು ಹೆಗಲ ಮೇಲೆ ಕೈ ಹಾಕಿ ಕೆಂಪಿನ ಕಡೆ ಕರಕೊಂಡು ಹೋದ.

"ಅಣ್ಣ, ಅದು ಹಳೇ ಲಾಟು. ಫಸ್ಟ್ ಲಾಟಿನಾಗೆ ಕಂಪ್ಲೇಂಟ್ ಜಾಸ್ತಿ. ಇದು ಎಲ್ಲಾ ಅಪ್‌ಡೇಟ್ ಆಗಿ ಬಂದೈತೆ. ಡಾಕ್ಟರ್ ಗಾಡಿ, ಸಿಂಗಲ್ ಹ್ಯಾಂಡ್, ಆಸ್ಪತ್ರೆಗೂ ಮನಿಗೂ ಅಷ್ಟೇ ಓಡೈತೆ."

"ಲಾಕ್ ಇದೆಯಾ?"

"ಏನಣ್ಣ ನೀನು, ಹಳೇದ್ರಾಗೆ ಐತೆ ಅಂದ್ರೆ ಹೊಸದ್ರಾಗೆ ತೆಗೀತಾರೇನು?"

ಈ ಮಾತು ಇವತ್ತಿಗೂ ಕಿವಿಯಲ್ಲಿ ಕುಟ್ತಾ ಇದೆ. ಹೊಸದರಲ್ಲಿ ತೆಗೀತಾರೇನು! ತೆಗೆದಿದ್ದಾರೆ. ಹೊಸ ಥಾರ್ ಬಂದಿದ್ದು 2020ರ ಅಕ್ಟೋಬರ್ 2ಕ್ಕೆ. 2023ರ ಜನವರಿಯಲ್ಲಿ ಕಂಪನಿ ಲೆಕ್ಕ ಬದಲಾಯಿಸಿತು. ಫೋರ್ ಬೈ ಫೋರ್ ಗಾಡಿಗಳಿಗೆ ಬ್ರೇಕ್ ಹಿಡಿದು ಕೆಲಸ ಮಾಡೋ ಎಲೆಕ್ಟ್ರಾನಿಕ್ ಲಾಕ್ ಕೊಟ್ಟು, ಮೆಕ್ಯಾನಿಕಲ್ ಲಾಕನ್ನ ಡೀಸೆಲ್ ಎಲ್‌ಎಕ್ಸ್‌ನಲ್ಲಿ ಮಾತ್ರ ಉಳಿಸಿದರು, ಅದೂ ಮೊದಲ ಮಾಲೀಕ ಕೇಳಿ ಹಾಕಿಸಿಕೊಂಡಿದ್ದರೆ. ಕಂಪನಿಯೇನೂ ಇದನ್ನ ಮುಚ್ಚಿಟ್ಟಿಲ್ಲ, ಆವಾಗಲೇ ಎಲ್ಲಾ ಕಡೆ ಸುದ್ದಿ ಬಂದಿತ್ತು. ಮುಚ್ಚಿಟ್ಟಿದ್ದು ಈ ಮಹಾನುಭಾವ. ದಿನಾ ಇದೇ ಗಾಡಿ ಮಾರೋನಿಗೆ ಇದು ಗೊತ್ತಿರಲಿಲ್ಲ ಅಂದರೆ ಯಾರು ನಂಬ್ತಾರೆ?

ಇದರಲ್ಲಿ ಇನ್ನೊಂದು ಮಜಾ ಇದೆ, ಅದೇ ಇವರಿಗೆ ಬಂಡವಾಳ. ಥಾರ್‌ನ ಮೆಕ್ಯಾನಿಕಲ್ ಲಾಕ್‌ಗೆ ಒಳಗೆ ಸ್ವಿಚ್ಚೇ ಇಲ್ಲ. ಹಿಂದಿನ ಎರಡು ಚಕ್ರದ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ಫರಕು ಬಂದರೆ ಅದು ತಾನೇ ಕಚ್ಚಿಕೊಳ್ತದೆ, ಸ್ಪೀಡ್ ಏರಿದಾಗ ಬಿಡ್ತದೆ. ಒಳಗೆ ಕೂತು ನೋಡಿದರೆ ಇದ್ದ ಗಾಡಿಯೂ ಒಂದೇ, ಇಲ್ಲದ ಗಾಡಿಯೂ ಒಂದೇ. ಡಾಂಬರ್ ರೋಡಿನಲ್ಲಿ ಟ್ರಯಲ್ ಹೊಡೆದರೆ ಜನ್ಮದಲ್ಲಿ ಗೊತ್ತಾಗಲ್ಲ. ಅವನು ನನ್ನನ್ನ ಎಲ್ಲಿ ಟ್ರಯಲ್‌ಗೆ ಕರಕೊಂಡು ಹೋದ? ಸಿರುಗುಪ್ಪ ರೋಡಿಗೆ. ನುಣ್ಣನೆ ಡಾಂಬರು. ನಡುವಿನ ಸಣ್ಣ ಲಿವರ್ ಎಳೆದು "ನೋಡಣ್ಣ ಲಾಕ್ ಬಿತ್ತು" ಅಂದ. ಅದು ಫೋರ್ ಬೈ ಫೋರ್ ಲಿವರ್, ಲಾಕ್ ಅಲ್ಲ. "ಅದು ಬೇರೆ, ಇದು ಬೇರೆ" ಅಂದೆ. "ಎರಡೂ ಇರ್ತಾವಣ್ಣ" ಅಂದ. ಊರಿಗೆ ಬಂದು ವಾಟ್ಸಾಪ್‌ನಲ್ಲೂ ಕೇಳಿದೆ. ಬಂದ ಉತ್ತರ: "ಲಾಕ್ ಐತೆ ಅಣ್ಣ 100%". ಕೆಳಗೆ ಕೈ ಮುಗಿಯೋ ಚಿತ್ರ ಬೇರೆ. ಅದರ ಮೇಲೆ ದುಡ್ಡು ಹಾಕಿದೆ.

ಮೊದಲ ದೊಡ್ಡ ಮಳೆಗೇ ಬಣ್ಣ ಬಯಲಾಯಿತು. ಕೆನಾಲ್ ದಂಡೆ ಇಳಿದು ಸ್ವಲ್ಪ ಮುಂದೆ, ಎಡಗಡೆ ಹಿಂದಿನ ಚಕ್ರ ರಾಡಿಯಲ್ಲಿ ಗಿರಗಿರ ತಿರುಗ್ತಾ ಇದೆ. ಬಲಗಡೆಯದು ಗಟ್ಟಿ ನೆಲದ ಮೇಲೆ ಸುಮ್ಮನೆ ನಿಂತಿದೆ. ಲಾಕ್ ಇದ್ದಿದ್ದರೆ ಆ ಬಲಗಡೆ ಚಕ್ರವೇ ನೂಕಬೇಕಾಗಿತ್ತು. ಬ್ರೇಕ್ ಹಿಡಿದು ಬಿಡೋ ಸದ್ದು ಕಟಕಟ ಅಂತ ಬಂತು, ಗಾಡಿ ನಡುಗಿತು, ಅಷ್ಟೇ. ಆ ಎಲೆಕ್ಟ್ರಾನಿಕ್ ವ್ಯವಸ್ಥೆ ಕಲ್ಲು ದಾರಿಯಲ್ಲಿ ಕೆಲಸಕ್ಕೆ ಬರ್ತದೆ, ಪೂರ್ತಿ ದಂಡ ಅನ್ನಲ್ಲ. ಹಾಗೇ ಎರಿ ರಾಡಿಯಲ್ಲಿ ಯಾವ ಲಾಕೂ ದೇವರಲ್ಲ, ಅದೂ ಒಪ್ಪಿಕೊಳ್ತೀನಿ. ಆದರೆ ಇದೆ ಅಂತ ಹೇಳಿ ಮಾರಿದ್ದು ಇರಲೇ ಇಲ್ಲವಲ್ಲ! ದೊಡ್ಡಪ್ಪನ ಟ್ರ್ಯಾಕ್ಟರ್ ಹಚ್ಚಿ ಎಳೆಸಿದ್ವಿ. ನಾಟಿಗೆ ಬಂದಿದ್ದ ಹೆಣ್ಮಕ್ಕಳೆಲ್ಲಾ ಬದುವಿನ ಮೇಲೆ ನಿಂತು ನೋಡಿದರು. "ಹದಿಮೂರು ಲಕ್ಷದ ಗಾಡಿಗೆ ಟ್ರ್ಯಾಕ್ಟರ್ ಬೇಕಾತೇನಪ್ಪಾ" ಅಂತ ದೊಡ್ಡಪ್ಪ ಅಂದದ್ದು ಈಗ ಊರಿಗೆಲ್ಲಾ ಗಾದೆ ಆಗಿದೆ.

ಗಂಗಾವತಿಯಲ್ಲಿ ಫೋರ್ ಬೈ ಫೋರ್ ಕೆಲಸ ಚೆನ್ನಾಗಿ ಬಲ್ಲ ಮೇಸ್ತ್ರಿ ಒಬ್ಬರಿದ್ದಾರೆ, ಅವರ ಹತ್ರ ಒಯ್ದೆ. ಗಾಡಿ ಎತ್ತಿ, ಹೌಸಿಂಗ್ ನೋಡಿ, "ಇದು ಓಪನ್ ಐತ್ರೀ, ಇದ್ರಾಗ ಲಾಕ್ ಇಲ್ಲ" ಅಂದರು. ಆಮೇಲೆ ಅವರೇ ಟೈರ್ ಮೇಲಿನ ರಾಡಿ ಬಟ್ಟೆಯಿಂದ ಒರೆಸಿ ಬೆರಳಿಟ್ಟು ತೋರಿಸಿದರು. ಪಕ್ಕದ ಗೋಡೆ ಮೇಲೆ ಸಣ್ಣ ಚೌಕದೊಳಗೆ 3120 ಅಂತ ನಾಲ್ಕು ಅಂಕಿ. 2020ರ 31ನೇ ವಾರ ತಯಾರಾದ ಟೈರ್ ಅಂತ ಅರ್ಥ. 2023ರ ಗಾಡಿಗೆ 2020ರ ಟೈರ್! ನಾಲ್ಕೂ ಅದೇ ಸಾಲಿನವು. ಪಕ್ಕದಲ್ಲಿ ನಿಂತಿತ್ತಲ್ಲ 2021ರ ಕಪ್ಪು ಗಾಡಿ, ಅದಕ್ಕೆ ಮಾತ್ರ ಟೈರ್ ಹೊಸದಾಗಿ ಮಿಂಚ್ತಾ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಇದರಿಂದ ತೆಗೆದು ಅದಕ್ಕೆ ಹಾಕಿದರೋ ಏನೋ, ನಾನು ನೋಡಿಲ್ಲ. ನೀವೇ ಊಹಿಸಿಕೊಳ್ಳಿ.

ಇನ್ನೂ ಮುಗಿದಿಲ್ಲ. ಡ್ರೈವರ್ ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿದಾಗ ಕೆಂಪು ಧೂಳು. ಹೊಲದ ಧೂಳಲ್ಲ, ನಮ್ಮದು ಕರಿ ನೆಲ. ಕುಂಕುಮದ ಹಾಗೆ ನಯವಾಗಿ, ಬೆರಳಿಗೆ ಹತ್ತಿದರೆ ತೊಳೆದರೂ ಹೋಗದ ಧೂಳು. ಸಂಡೂರು, ತೋರಣಗಲ್ಲು ರೋಡಿನಲ್ಲಿ ಓಡಾಡಿದವರಿಗೆ ಗೊತ್ತು ಅದು ಎಲ್ಲಿಯದು ಅಂತ. ಸೀಟಿನ ಹಳಿಯಲ್ಲಿ, ಬೆಲ್ಟ್ ಪೂರ್ತಿ ಎಳೆದರೆ ಅದರ ಬುಡದಲ್ಲಿ, ಡ್ಯಾಶ್‌ಬೋರ್ಡಿನ ಸಂದಿಯಲ್ಲಿ, ಎಲ್ಲಾ ಕಡೆ ಅದೇ. ಯಾವ ಡಾಕ್ಟರಪ್ಪಾ ಇವನು, ಗಣಿಯೊಳಗೆ ಆಸ್ಪತ್ರೆ ಇಟ್ಟೋನು? ಅಧಿಕೃತ ಸರ್ವೀಸ್ ಸೆಂಟರ್‌ಗೆ ಹೋಗಿ ಹಿಂದಿನ ದಾಖಲೆ ತೆಗೆಸಿದೆ. ನನಗೆ ಮಾರಿದಾಗ ಮೀಟರ್‌ನಲ್ಲಿ 41 ಸಾವಿರ ಚಿಲ್ಲರೆ. ಅದಕ್ಕೂ ಒಂದು ವರ್ಷ ಹಿಂದೆ ಸರ್ವೀಸಿಗೆ ಬಂದಾಗಲೇ 67 ಸಾವಿರ ಆಗಿತ್ತು. ಗಾಡಿ ಹಿಂದಕ್ಕೆ ಓಡಿದೆ ಅಂತ ಕಾಣ್ತದೆ.

ಫೋನ್ ಮಾಡಿದೆ. ಮೊದಲು ಲಾಕ್ ವಿಷಯ.

"ಅಣ್ಣ, ನೀನು ಓಡಿಸೋದು ಸರಿ ಇಲ್ಲ. ಎಕ್ಸಲೇಟರ್ ಜೋರು ಕೊಟ್ರೆ ಬೀಳ್ತೈತೆ."

ಮೇಸ್ತ್ರಿ ನೋಡಿದ್ದು ಹೇಳಿದೆ. "ಲೋಕಲ್ ಮೇಸ್ತ್ರಿಗಳಿಗೆ ಏನ್ ಗೊತ್ತಣ್ಣ, ಅದು ಒಳಗೆ ಇರ್ತೈತೆ." ಒಳಗೆ ಅಂದರೆ ಎಲ್ಲಿ? "ಕಂಪ್ಯೂಟರ್‌ನಾಗೆ." ಮೆಕ್ಯಾನಿಕಲ್ ಲಾಕ್ ಕಂಪ್ಯೂಟರ್‌ನಲ್ಲಿ! ವಾಟ್ಸಾಪ್ ಮೆಸೇಜ್ ತೋರಿಸ್ತೀನಿ ಅಂದೆ. "ಅದು ನಮ್ ಹುಡುಗ ಹಾಕಿದ್ದು, ಅವನು ಕೆಲಸ ಬಿಟ್ಟು ಹೋದ." ಡಾಕ್ಟರ್ ಗಾಡಿ ಅಂದೆಯಲ್ಲ, ಆರ್‌ಸಿಯಲ್ಲಿ ಹಿಂದಿನ ಹೆಸರು ಒಂದು ಫರ್ಮ್‌ದು ಇದೆಯಲ್ಲ ಅಂದೆ. ಒಂದು ಕ್ಷಣವೂ ತಡವರಿಸಲಿಲ್ಲ. "ಡಾಕ್ಟರ್‌ದೇ ಫರ್ಮ್ ಅಣ್ಣ ಅದು." ಮೀಟರ್? "ಸರ್ವೀಸ್ ಸೆಂಟರ್‌ನೋರು ತಪ್ಪು ಬರ್ಕೊಂಡಿರ್ತಾರೆ." ಜಗತ್ತಿನಲ್ಲಿ ಎಲ್ಲರೂ ತಪ್ಪು, ಮೇಸ್ತ್ರಿ ತಪ್ಪು, ಸರ್ವೀಸ್‌ನೋರು ತಪ್ಪು, ಓಡಿಸೋ ನಾನು ತಪ್ಪು, ಇವನೊಬ್ಬ ಸತ್ಯ ಹರಿಶ್ಚಂದ್ರ.

ಮಾವನನ್ನ ಕರಕೊಂಡು ಅಂಗಡಿಗೇ ಹೋದೆ. ಆವತ್ತು "ಅಣ್ಣ" ಹೋಗಿ "ಏನ್ರಿ" ಆಯಿತು. ಟೀ ಕೂಡ ಇಲ್ಲ. ಡೆಲಿವರಿ ದಿನ ಸಹಿ ಹಾಕಿಸಿಕೊಂಡ ಕಾಗದ ತೆಗೆದು ಟೇಬಲ್ ಮೇಲೆ ಎಸೆದ. "ಇದ್ದದ್ದು ಇದ್ದಂಗೆ ನೋಡಿ ತಗೊಂಡಿದೀನಿ ಅಂತ ಬರದು ಸಹಿ ಮಾಡೀರಿ, ಓದ್ಕೊಳ್ರಿ." ಕಪ್ಪು ಗಾಡಿ ಕೊಡು, ಫರಕು ಹಣ ಕೊಡು, ಇದನ್ನ ಇಟ್ಕೋ ಅಂದ ನಮ್ಮ ಮಾವ. "ಅದು ಮಾರಿ ಹೋತು. ಇದನ್ನ ತಗೊಂತೀನಿ, ಹತ್ತೂವರೆಗೆ." 13 ಲಕ್ಷ 25 ಸಾವಿರಕ್ಕೆ ಕೊಟ್ಟ ಗಾಡಿ! ಯಾಕಪ್ಪಾ ಅಂದರೆ, "ಲಾಕ್ ಇಲ್ಲದ ಗಾಡಿಗೆ ಮಾರ್ಕೆಟ್ ಇಲ್ಲ." ಅವನ ಬಾಯಿಂದಲೇ ಬಂತು. ನಾನೂ ಮಾವನೂ ಮುಖ ಮುಖ ನೋಡಿಕೊಂಡ್ವಿ.

ಈಗ ವರ್ಷದ ವಿಷಯ, ಬೇಗ ಹೇಳಿಬಿಡ್ತೀನಿ. ‘2021 ಲಾಟು ಕೆಟ್ಟದ್ದು’ ಅನ್ನೋದು ಬರೀ ಮಾತು. ಕಂಪನಿ ವಾಪಸ್ ಕರೆಸಿದ್ದು 2020ರ ಸೆಪ್ಟೆಂಬರ್ 7ರಿಂದ ಡಿಸೆಂಬರ್ 25ರೊಳಗೆ ತಯಾರಾದ 1,577 ಡೀಸೆಲ್ ಗಾಡಿಗಳನ್ನ, ಇಂಜಿನ್ ಒಳಗಿನ ಕ್ಯಾಮ್‌ಶಾಫ್ಟ್ ಅನ್ನೋ ಭಾಗದ ವಿಷಯಕ್ಕೆ. ಆ ಅವಧಿಯ ಗಾಡಿ ಆದರೆ ಆ ಕೆಲಸ ಆಗಿದೆಯಾ ಅಂತ ಸರ್ವೀಸ್ ದಾಖಲೆಯಲ್ಲಿ ನೋಡಿ, ಅಷ್ಟೇ. 2023ರ ನಂತರದ್ದಾದರೆ ಇನ್ನೊಂದು ಗುಂಡಿ ಇದೆ: ಆ ಜನವರಿಯಲ್ಲೇ ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗೋ ಥಾರ್ ಬಂತು. ಹೊರಗಿನಿಂದ ನೋಡಿದರೆ ಅದೇ ಗಾಡಿ, ಫೋರ್ ಬೈ ಫೋರ್ ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ಆರ್‌ಸಿಯಲ್ಲಿ ಸಿಸಿ ನೋಡಿ. ಡೀಸೆಲ್‌ನಲ್ಲಿ 2184 ಇದ್ದರೆ ಫೋರ್ ಬೈ ಫೋರ್, 1497 ಇದ್ದರೆ ಅಲ್ಲ. ರಿಜಿಸ್ಟ್ರೇಷನ್ ವರ್ಷ ನೋಡಿ ಬೆಲೆ ಕಟ್ಟಬೇಡಿ, ತಯಾರಾದ ತಿಂಗಳು-ವರ್ಷ ಆರ್‌ಸಿಯಲ್ಲೇ ಬೇರೆ ಇರ್ತದೆ. ಇದೇ ಅಂಗಡಿಯಲ್ಲಿ ಬೋರ್ಡಿನ ಮೇಲೆ 2022 ಅಂತ ಬರೆದಿದ್ದ ಇನ್ನೊಂದು ಗಾಡಿ ತಯಾರಾಗಿದ್ದು 2021ರಲ್ಲಿ. ಇನ್ನೂ ಹಿಂದಕ್ಕೆ, 2020ಕ್ಕೂ ಮುಂಚಿನ ಹಳೇ ಥಾರ್ ಸಿಆರ್‌ಡಿಇ (ಆಗಿನ ಡೀಸೆಲ್ ಮಾಡೆಲ್ ಹೆಸರು) ಗಾಡಿಗೆ ಹೋಗೋರು, 2015ರ ನಂತರದ್ದೇ ನೋಡಿ, ಹಿಂದಿನ ಲಾಕ್ ಬಂದಿದ್ದು ಆಮೇಲೆ. ಅದರಲ್ಲಿ ಏರ್‌ಬ್ಯಾಗ್ ಇಲ್ಲ, ಅದು ಗೊತ್ತಿರಲಿ.

ಲಾಕ್ ಬೇಕಂದರೆ ಗಾಡಿಯನ್ನ ನಿಮ್ಮ ಮೇಸ್ತ್ರಿ ಹತ್ರ ತಂದು ಎತ್ತಿಸಿ ನೋಡಿ. ಒಪ್ಪದಿದ್ದರೆ ಎದ್ದು ಬನ್ನಿ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ವ್ಯಾಪಾರ ಮಾಡೋರು ಆರ್‌ಟಿಒದಿಂದ ಅಧಿಕಾರ ಪತ್ರ ತಗೊಂಡಿರಬೇಕು ಅಂತ ನಿಯಮ ಇದೆ. ತೋರಿಸಿ ಅಂತ ಕೇಳಿ, ಮುಖದ ಬಣ್ಣ ನೋಡಿ.

ನಾನು ರಾಯಚೂರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೀನಿ. 2019ರ ಕಾಯ್ದೆ ಪ್ರಕಾರ ಖರೀದಿ ಮಾಡಿದವನು ತಾನಿರೋ ಜಿಲ್ಲೆಯಲ್ಲೇ ಹಾಕಬಹುದು, ಬಳ್ಳಾರಿಗೆ ಅಲೆಯಬೇಕಾಗಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಹತ್ತರಿಂದ ಇಪ್ಪತ್ತು ಲಕ್ಷದ ವ್ಯವಹಾರಕ್ಕೆ ಶುಲ್ಕ 400 ರೂಪಾಯಿ. ಏನು ಮಾಡಬೇಕು ಅಂತ ತಿಳಿಯದವರು 1915ಕ್ಕೆ ಫೋನ್ ಮಾಡಿ. ನೋಟಿಸ್ ಮುಟ್ಟಿದ ಮೇಲೆ ಅವನೇ ಫೋನ್ ಮಾಡಿದ, ಮತ್ತೆ "ಅಣ್ಣ" ಅಂತ. "ಕೋರ್ಟು ಕಚೇರಿ ಯಾಕಣ್ಣ, ಹನ್ನೊಂದಕ್ಕೆ ತಗೊಂತೀನಿ, ಆ ಮೆಸೇಜ್ ಡಿಲೀಟ್ ಮಾಡು." ಅದನ್ನೂ ರೆಕಾರ್ಡ್ ಮಾಡಿ ವಕೀಲರಿಗೆ ಕೊಟ್ಟಿದ್ದೀನಿ.

ಬಳ್ಳಾರಿಯಲ್ಲಿ ಯಾರಿಗಾದರೂ "ಲಾಕ್ ಐತೆ 100%" ಅಂತ ಬರೆದು 2023ರ ಈಚಿನ ಥಾರ್ ಮಾರಿದ್ದರೆ, ಆ ಮೆಸೇಜ್ ಅಳಿಸಬೇಡಿ, ನನಗೆ ತಿಳಿಸಿ. ಇಬ್ಬರು ಮೂವರು ಸಿಕ್ಕರೆ ವಕೀಲರು ಒಟ್ಟಿಗೇ ಹಾಕೋಣ ಅಂದಿದ್ದಾರೆ.