ನ್ಯೂ ಫಾರೆಸ್ಟ್‌ನ ಜಲ್ಲಿ ದಾರಿ: ಕಾರಿಲ್ಲ, ಗುಡ್ಡವಿಲ್ಲ, ಕುದುರೆ ಮಾತ್ರ ಜಾಸ್ತಿ

ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಕಾರಿನ ಕಾಟ ಇಲ್ಲದೆ ಇಡೀ ದಿನ ಸೈಕಲ್ ತುಳಿಯಬೇಕು, ಆದರೆ ಗುಡ್ಡ ಹತ್ತಿ ಸುಸ್ತಾಗೋ ಹಟ ಇಲ್ಲ ಅನ್ನುವವರಿಗೆ ನ್ಯೂ ಫಾರೆಸ್ಟ್ ಅನ್ನೋ ಕಾಡಿಗಿಂತ ಒಳ್ಳೆ ಜಾಗ ನನಗಂತೂ ಸಿಕ್ಕಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಯಾಕೆ ಕಡಿಮೆ ಮಾಡಿದೆ ಅನ್ನೋದು ಮುಂದೆ ಬರುತ್ತದೆ, ಮಕ್ಕಳನ್ನು ಕರೆದುಕೊಂಡು ಹೋಗುವವರು ಅದನ್ನು ಬಿಡದೆ ಓದಿ.

ಜಾಗ ಇರುವುದು ದಕ್ಷಿಣ ಇಂಗ್ಲೆಂಡಿನ ಸೌತಾಂಪ್ಟನ್ ಪಕ್ಕದಲ್ಲಿ. ಲಂಡನ್ ವಾಟರ್‌ಲೂನಲ್ಲಿ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆಗೆ ಕಾಡಿನೊಳಗಿನ ಊರು ಬ್ರೋಕನ್‌ಹರ್ಸ್ಟ್. ರೆಡಿಂಗ್ ಕಡೆಯ ನಮ್ಮವರಿಗೂ ನೇರ ರೈಲುಗಳಿವೆ. ಸ್ಟೇಷನ್ನಿನ ಹತ್ತಿರವೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ಹಾಗಾಗಿ ಕಾರು ತರುವ ಅಗತ್ಯವೇ ಇಲ್ಲ. ಕಾರಿಲ್ಲದ ದಾರಿಯಲ್ಲಿ ಓಡಾಡೋಕೆ ಕಾರಲ್ಲೇ ಬಂದು ಪಾರ್ಕಿಂಗ್‌ಗೆ ಅಲೆಯೋದು ಒಂಥರಾ ತಮಾಷೆ ಅಲ್ವಾ?

ಬಾಡಿಗೆ ದಿನಕ್ಕೆ ಸುಮಾರು 20 ಪೌಂಡಿನಿಂದ ಶುರು, ಬ್ಯಾಟರಿ ಸೈಕಲ್ಲಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು. ಬೇಸಿಗೆಯ ಶನಿವಾರ, ಭಾನುವಾರ ಮೊದಲೇ ಬುಕ್ ಮಾಡಿ. ಈಗ ಎಲ್ಲರ ಬಾಯಲ್ಲೂ ಗ್ರಾವೆಲ್ ಬೈಕ್, ಗ್ರಾವೆಲ್ ಬೈಕ್. ಜಲ್ಲಿ ದಾರಿಗೆಂದೇ ಮಾಡಿದ ಸೈಕಲ್ಲು, ಬಾಗಿದ ಹ್ಯಾಂಡಲ್ಲು, ದುಬಾರಿ ಫ್ರೇಮು. ಇಲ್ಲಿಗೆ ಅದರ ಅಗತ್ಯ ಇಲ್ಲ. ನೆಟ್ಟಗಿನ ಹ್ಯಾಂಡಲ್ಲು, ಸ್ವಲ್ಪ ಅಗಲದ ಟೈರು, ಕೆಲಸ ಮಾಡುವ ಗೇರು ಇರುವ ಮಾಮೂಲಿ ಸೈಕಲ್ಲು ಸಾಕು. ಹೆಲ್ಮೆಟ್ ಜೊತೆಗೆ ಕೊಡುತ್ತಾರೆ. ಚಿಕ್ಕ ಮಕ್ಕಳನ್ನು ಕೂರಿಸಿ ಎಳೆದುಕೊಂಡು ಹೋಗುವ ಗಾಡಿಯೂ ಸಿಗುತ್ತದೆ. ಒಂದು ಮಾತು: ಅಂಗಡಿ ಬಿಡುವ ಮುಂಚೆ ಎರಡೂ ಬ್ರೇಕ್ ಹಿಡಿದು ನೋಡಿ, ಸೀಟು ಸರಿ ಮಾಡಿಸಿ. ನನಗೆ ಕೊಟ್ಟ ಸೈಕಲ್ಲಿನ ಹಿಂದಿನ ಬ್ರೇಕು ಹಿಡಿಕೆಗೆ ತಾಗುವಷ್ಟು ಸಡಿಲ ಇತ್ತು. ಹೇಳಿದ ಮೇಲೆ ಎರಡೇ ನಿಮಿಷದಲ್ಲಿ ಬಿಗಿ ಮಾಡಿಕೊಟ್ಟರು, ಆದರೆ ಅದನ್ನು ನೋಡಬೇಕಾದವರು ಅವರೇ ತಾನೆ?

ಈಗ ದಾರಿಯ ವಿಷಯ. ನಾನು ನಾಲ್ಕು ಕೊಟ್ಟಿರುವುದು ಇದಕ್ಕೇ. ಗುರುತು ಹಾಕಿದ ದಾರಿಗಳು ಒಟ್ಟು 100 ಮೈಲಿಗಿಂತ ಜಾಸ್ತಿ ಇವೆ, ಅಂದರೆ 160 ಕಿಲೋಮೀಟರ್ ಮೇಲೆ. ಇವುಗಳಲ್ಲಿ ತುಂಬಾ ದಾರಿಗಳು ಮರ ಸಾಗಿಸುವ ಲಾರಿಗಾಗಿ ಅರಣ್ಯ ಇಲಾಖೆಯವರು ಮಾಡಿದವು. ಅದಕ್ಕೇ ಇಬ್ಬರು ಅಕ್ಕಪಕ್ಕ ಮಾತಾಡಿಕೊಂಡು ಹೋಗುವಷ್ಟು ಅಗಲ. ಕೆಂಪು ಛಾಯೆಯ ಜೇಡಿ ಬೆರೆತ ಜಲ್ಲಿ, ಮೇಲೆ ಗಟ್ಟಿಯಾಗಿ ಕೂತಿರುತ್ತದೆ. ಮಳೆ ಬಂದರೂ ಕೆಸರಾಗೋದು ಕಡಿಮೆ, ನೀರು ಬೇಗ ಇಳಿದುಹೋಗುತ್ತದೆ. ಟೈರಿನ ಕೆಳಗೆ ಕರಕರ ಅನ್ನುವ ಆ ಸದ್ದು ಒಂದು ಗಂಟೆಯ ಮೇಲೆ ಕಿವಿಗೆ ಅಭ್ಯಾಸವಾಗಿಬಿಡುತ್ತದೆ. ಕಲ್ಲು ಮಾತ್ರ ಫ್ಲಿಂಟ್. ಒಡೆದರೆ ಅಂಚು ಬ್ಲೇಡಿನಷ್ಟು ಚೂಪು. ಪಂಕ್ಚರ್ ಕಿಟ್ಟು, ಪಂಪು ಕೇಳಿ ತೆಗೆದುಕೊಳ್ಳಿ, ಕಾಡಿನ ಮಧ್ಯೆ ಫೋನ್ ಸಿಗ್ನಲ್ ನಂಬೋಕಾಗಲ್ಲ.

ಚಪ್ಪಟೆ ಅಂತಾರಲ್ಲ, ಅದು ಪೂರ್ತಿ ನಿಜ ಅಲ್ಲ. ಬ್ರೋಕನ್‌ಹರ್ಸ್ಟ್‌ನಿಂದ ವಾಯವ್ಯಕ್ಕೆ, ರೈನ್‌ಫೀಲ್ಡ್ ದಾಟಿ ಬೋಲ್ಡರ್‌ವುಡ್ ಕಡೆ ಹೋದರೆ ನೆಲ ನಿಧಾನಕ್ಕೆ ಏರುತ್ತದೆ. ಕಣ್ಣಿಗೆ ಗೊತ್ತೇ ಆಗಲ್ಲ, ತೊಡೆಗೆ ಗೊತ್ತಾಗುತ್ತದೆ. ಆದರೆ ಇಳಿದು ತಳ್ಳುವಂಥ ಏರು ಅಲ್ಲ, ಒಂದು ಗೇರು ಇಳಿಸಿದರೆ ಮುಗಿಯಿತು. ಈ ಕಡೆಯ ದೊಡ್ಡ ಆಕರ್ಷಣೆ ಮರಗಳು. ರೈನ್‌ಫೀಲ್ಡ್‌ನಲ್ಲಿ 1859ರಲ್ಲಿ ನೆಟ್ಟ ದೈತ್ಯ ಸಿಕ್ವೋಯಾಗಳಿವೆ. ಕೆಲವು 50 ಮೀಟರ್ ದಾಟಿವೆ. ಅದರ ತೊಗಟೆ ಒಂದು ಸಲ ಮುಟ್ಟಿ ನೋಡಿ, ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಸ್ವಲ್ಪ ಮುಂದೆ ನೈಟ್‌ವುಡ್ ಓಕ್, 500 ವರ್ಷಕ್ಕೂ ಹಳೆಯದು. ಬೋಲ್ಡರ್‌ವುಡ್‌ನಲ್ಲಿ ಜಿಂಕೆ ನೋಡಲು ಮರದ ಅಟ್ಟಣಿಗೆ ಕಟ್ಟಿದ್ದಾರೆ.

ನನಗೆ ಇಷ್ಟವಾದದ್ದು ಮಾತ್ರ ನೈಋತ್ಯದ ಕಡೆ, ಹೋಮ್ಸ್‌ಲಿಗೆ ಹೋಗುವ ಹಳೇ ರೈಲು ದಾರಿ. 1847ರಲ್ಲಿ ಶುರುವಾದ ಈ ಮಾರ್ಗಕ್ಕೆ ಜನ ಕ್ಯಾಸಲ್‌ಮನ್ಸ್ ಕಾರ್ಕ್‌ಸ್ಕ್ರೂ ಅಂತ ಅಡ್ಡಹೆಸರು ಇಟ್ಟಿದ್ದರು. ಅಲ್ಲಿ ಇಲ್ಲಿ ಸುತ್ತಿ ಬಳಸಿ ಹೋಗುತ್ತಿತ್ತಲ್ಲ, ಅದಕ್ಕೆ. 1964ರಲ್ಲಿ ಪ್ರಯಾಣಿಕರ ರೈಲು ನಿಂತಿತು. ಈಗ ಅದರ ಒಂದು ಭಾಗದ ಮೇಲೆ ಸೈಕಲ್ ಓಡುತ್ತದೆ. ರೈಲಿಗೆ ಮಾಡಿದ ದಾರಿ ಅಂದಮೇಲೆ ಏರಿಳಿತ ಹೆಸರಿಗಷ್ಟೇ. ಎರಡೂ ಕಡೆ ಮರ ಕಳಚಿ ಬಯಲು ತೆರೆದುಕೊಳ್ಳುತ್ತದೆ. ಆಗಸ್ಟಿನಲ್ಲಿ ಹೋದರೆ ಮೊಣಕಾಲೆತ್ತರದ ಹೆದರ್ ಗಿಡಗಳು ಕಣ್ಣು ಹಾಯುವಷ್ಟು ದೂರ ನೇರಳೆ. ವಸಂತದಲ್ಲಿ ಹೋದರೆ ಗೋರ್ಸ್ ಅನ್ನೋ ಮುಳ್ಳುಪೊದೆಯ ಹಳದಿ. ಬಿಸಿಲು ಬಿದ್ದ ಹೊತ್ತಲ್ಲಿ ಆ ಹೂವಿನ ಹತ್ತಿರ ಮೂಗು ಒಯ್ದರೆ ಬರುವುದು ಕೊಬ್ಬರಿ ವಾಸನೆ. ಸುಮ್ನೆ ಹೇಳ್ತಿಲ್ಲ, ಸಾಕ್ಷಾತ್ ಕೊಬ್ಬರಿ. ಊರು ಬಿಟ್ಟು ಬಂದವರಿಗೆ ಅಡುಗೆಮನೆ ನೆನಪಾಗದೆ ಇರಲ್ಲ. ಮೂಗು ಮಾತ್ರ ಹುಷಾರು, ಮುಳ್ಳು ಕೆಟ್ಟದ್ದು.

ಇನ್ನು ಕುದುರೆ. ದಾರಿ ಮಧ್ಯೆ ನಿಂತಿರುತ್ತವೆ, ಬೆಲ್ ಹೊಡೆದರೆ ಕಿವಿ ಕೂಡ ಅಲ್ಲಾಡಿಸಲ್ಲ. ಇಳಿದು ಸುತ್ತು ಹಾಕಿ ಹೋಗಬೇಕು. ನೋಡೋಕೆ ಕಾಡುಕುದುರೆ ಅನಿಸಿದರೂ ಪ್ರತಿಯೊಂದಕ್ಕೂ ಮಾಲೀಕರಿದ್ದಾರೆ. ಇದು 1079ರ ಹೊತ್ತಿಗೆ, ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆ ಬೇಟೆಗೆ ಅಂತ ಮೀಸಲಿಟ್ಟ ಕಾಡು. ಆದರೂ ಸುತ್ತಲಿನವರಿಗೆ ದನ, ಕುದುರೆ ಮೇಯಿಸುವ ಹಕ್ಕು ಉಳಿದುಕೊಂಡು ಬಂದಿದೆ, ನಮ್ಮ ಗೋಮಾಳ ಇದ್ದ ಹಾಗೆ. ಕುದುರೆಯ ಬಾಲ ಗಮನಿಸಿ, ಕೂದಲನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿರುತ್ತಾರೆ. ಮೇಲ್ವಿಚಾರಣೆ ಮಾಡುವ ಅಜಿಸ್ಟರ್‌ಗಳು ತಮ್ಮ ತಮ್ಮ ವಲಯಕ್ಕೆ ತಕ್ಕಂತೆ ಬೇರೆ ಬೇರೆ ಥರ ಕತ್ತರಿಸುವುದರಿಂದ ಬಾಲ ನೋಡಿಯೇ ಕುದುರೆ ಯಾವ ಕಡೆಯದು ಅಂತ ಹೇಳಬಹುದು. ಶರತ್ಕಾಲದಲ್ಲಿ ಹಂದಿಗಳೂ ಬರುತ್ತವೆ. ಹಸಿ ಓಕ್ ಕಾಯಿ ಕುದುರೆಗೆ ವಿಷ, ಹಂದಿಗೆ ಹಬ್ಬ. ಹಾಗಾಗಿ ಕನಿಷ್ಠ 60 ದಿನ ಹಂದಿಗಳನ್ನು ಕಾಡಿಗೆ ಬಿಡುತ್ತಾರೆ. ಮಕ್ಕಳಿಗೆ ಮುಟ್ಟೋ ಆಸೆ ಆಗುತ್ತದೆ, ಬೇಡ ಅನ್ನಿ. 2023ರಿಂದ ಕುದುರೆಗೆ ತಿನ್ನಿಸುವುದು, ಮುಟ್ಟುವುದು ಎರಡಕ್ಕೂ ನಿಷೇಧ ಇದೆ, ದಂಡ ಹಾಕುತ್ತಾರೆ.

ಈಗ ಆ ಕಡಿಮೆಯಾದ ಒಂದು. ಜಲ್ಲಿ ದಾರಿಗಳು ಒಂದಕ್ಕೊಂದು ಪೂರ್ತಿ ಕೂಡಿಲ್ಲ. ಮೈಲಿಗಟ್ಟಲೆ ನೆಮ್ಮದಿಯಾಗಿ ಬಂದವರು ಒಂದು ಗೇಟು ದಾಟಿದ ಕೂಡಲೇ ಡಾಂಬರು ರಸ್ತೆಗೆ ಬೀಳುತ್ತೀರಿ. ಎಷ್ಟೋ ಕಡೆ ಮಿತಿಯೇ ಗಂಟೆಗೆ 40 ಮೈಲಿ, ಅಂದರೆ 64 ಕಿಲೋಮೀಟರ್. ಪಕ್ಕದಲ್ಲಿ ಸೈಕಲ್ಲಿಗೆ ಅಂತ ಜಾಗ ಇಲ್ಲ. ಕೆಲವು ಕಡೆ ಬರೀ ದಾಟಿದರೆ ಸಾಕು, ಕೆಲವು ಕಡೆ ಮುಂದಿನ ಜಲ್ಲಿ ದಾರಿ ಸಿಗುವವರೆಗೆ ಆ ರಸ್ತೆಯಲ್ಲೇ ತುಳಿಯಬೇಕು. ದೊಡ್ಡವರಿಗೆ ಪರವಾಗಿಲ್ಲ. ಈಗಷ್ಟೇ ಬ್ಯಾಲೆನ್ಸ್ ಕಲಿತ ಮಗುವಿನ ಜೊತೆ ಇದ್ದರೆ ಎದೆ ಡವಡವ. ಕಾರಿಲ್ಲ ಅಂತ ಪ್ರಚಾರ ಮಾಡುವವರು ಈ ತುಂಡುಗಳನ್ನು ನಕ್ಷೆಯಲ್ಲಿ ಕೆಂಪು ಬಣ್ಣದಲ್ಲಿ ಎದ್ದು ಕಾಣುವ ಹಾಗೆ ತೋರಿಸಬೇಕಿತ್ತು. ಮಕ್ಕಳಿದ್ದರೆ ಸುತ್ತು ಹಾಕುವ ಯೋಚನೆ ಬಿಟ್ಟು, ಒಂದೇ ದಾರಿಯಲ್ಲಿ ಹೋಗಿ ಅದೇ ದಾರಿಯಲ್ಲಿ ವಾಪಸ್ ಬನ್ನಿ.

ಗುರುತಿನ ವ್ಯವಸ್ಥೆ ಕೂಡ ಅಷ್ಟಕ್ಕಷ್ಟೇ. ಕೂಡುದಾರಿಗಳಲ್ಲಿ ನಂಬರು ಹಾಕಿದ ಸಣ್ಣ ಮರದ ಗೂಟಗಳಿವೆ. ಬೇಸಿಗೆಯ ಕೊನೆಗೆ ಜರೀಗಿಡ ಆಳೆತ್ತರ ಬೆಳೆದು ಎಷ್ಟೋ ಗೂಟ ಮುಚ್ಚಿಹೋಗಿರುತ್ತವೆ. ಬಾಡಿಗೆ ಅಂಗಡಿಯಲ್ಲಿ ಕಾಗದದ ನಕ್ಷೆ ಕೇಳಿ ತೆಗೆದುಕೊಳ್ಳಿ. ಗೂಗಲ್ ಮ್ಯಾಪ್ ನೋಡಿಕೊಂಡು ಹೋದರೆ ಅದು ಸೈಕಲ್ ಬಿಡದ ಕಾಲುದಾರಿಯನ್ನೂ ತೋರಿಸುತ್ತದೆ. ಗುರುತು ಹಾಕಿದ ದಾರಿ ಬಿಟ್ಟು ಬಯಲಿನೊಳಗೆ ಸೈಕಲ್ ಇಳಿಸುವಂತಿಲ್ಲ, ಊರಿನವರಿಗೆ ಇದರ ಮೇಲೆ ಸಿಟ್ಟೂ ಇದೆ. ಸಿಟ್ಟು ನ್ಯಾಯವಾದದ್ದೇ. ನೆಲದ ಮೇಲೆಯೇ ಗೂಡು ಮಾಡುವ ಹಕ್ಕಿಗಳು ಇಲ್ಲಿವೆ. ಮರ ಕಡಿಯುವ ಕೆಲಸ ನಡೆದಾಗ ಕೆಲವು ದಾರಿ ಮುಚ್ಚಿರುತ್ತಾರೆ, ಬದಲಿ ದಾರಿಯ ಬೋರ್ಡ್ ಇರುತ್ತದೆ, ಅದನ್ನು ಪಾಲಿಸಿ.

ಜರೀಗಿಡ ಅಂದಾಗ ನೆನಪಾಯಿತು, ಉಣ್ಣಿ. ಮಲೆನಾಡಿನವರಿಗೆ ಮಂಗನ ಕಾಯಿಲೆಯಿಂದಾಗಿ ಉಣ್ಣಿಯ ಭಯ ಹೇಳಿಕೊಡಬೇಕಿಲ್ಲ. ಇಲ್ಲಿಯ ಉಣ್ಣಿ ಹರಡುವುದು ಲೈಮ್ ಕಾಯಿಲೆ. ಪೊದೆಯೊಳಗೆ ಕೂತು ಊಟ ಮಾಡಬೇಡಿ, ಮನೆಗೆ ಹೋಗಿ ಮೊಣಕಾಲಿನ ಹಿಂದೆ, ಸೊಂಟದ ಹತ್ತಿರ ಒಂದು ಸಲ ನೋಡಿಕೊಳ್ಳಿ.

ಊಟ ಕಟ್ಟಿಕೊಂಡು ಹೋಗೋದೇ ವಾಸಿ. ಕಾಡಿನೊಳಗೆ ಅಂಗಡಿ ಇಲ್ಲ, ಟಾಯ್ಲೆಟ್ಟೂ ಅಪರೂಪ. ಹೋಮ್ಸ್‌ಲಿಯ ಹಳೇ ಸ್ಟೇಷನ್ ಈಗ ಹೋಟೆಲ್ಲು, ಚಹಾಕ್ಕೆ ಚೆನ್ನಾಗಿದೆ. ಬರ್ಲಿ ಊರಿನಲ್ಲಿ ಚಹಾ, ಬನ್ನು, ಜಾಮು ಸಿಗುತ್ತದೆ. ಪಬ್ಬುಗಳಲ್ಲಿ ಸಸ್ಯಾಹಾರಿಗೆ ಬಹುಪಾಲು ಸುಟ್ಟ ಆಲೂಗಡ್ಡೆ, ಮೇಲೆ ಚೀಸು. ಪುಳಿಯೋಗರೆ ಡಬ್ಬಿ ಮುಂದೆ ಅದೆಲ್ಲ ಲೆಕ್ಕಕ್ಕಿಲ್ಲ.

ಬ್ರೋಕನ್‌ಹರ್ಸ್ಟ್ ಊರನ್ನು ಬರೀ ಸ್ಟೇಷನ್ ಅಂತ ನೋಡಬೇಡಿ. ಮೊದಲ ಮಹಾಯುದ್ಧದಲ್ಲಿ, 1914-15ರಲ್ಲಿ, ಫ್ರಾನ್ಸಿನಲ್ಲಿ ಗಾಯಗೊಂಡ ಭಾರತೀಯ ಸೈನಿಕರನ್ನು ಇಲ್ಲಿಗೆ ತಂದಿದ್ದರು. ಆಗಿನ ವೈಸ್‌ರಾಯ್ ಹೆಂಡತಿ ಲೇಡಿ ಹಾರ್ಡಿಂಜ್ ಹೆಸರಿನ ಆಸ್ಪತ್ರೆ ಇತ್ತು. ಊರಿನ ಹೋಟೆಲ್ಲುಗಳನ್ನೂ ಆಸ್ಪತ್ರೆ ಮಾಡಿದ್ದರು. ಮೀರತ್ ರೋಡ್ ಅನ್ನೋ ಬೀದಿ ಇಂದಿಗೂ ಇದೆ. ಸೇಂಟ್ ನಿಕೊಲಸ್ ಚರ್ಚಿನ ಅಂಗಳದಲ್ಲಿ ಆಮೇಲೆ ಬಂದ ನ್ಯೂಜಿಲೆಂಡ್ ಸೈನಿಕರ ಸಮಾಧಿಗಳ ಸಾಲಿದೆ, ಕೆಲವು ಭಾರತೀಯರದ್ದೂ ಇವೆ. ಸೈಕಲ್ಲಿನಲ್ಲಿ ಅಲ್ಲಿಗೆ ಕೆಲವೇ ನಿಮಿಷ.

ಯಾವಾಗ ಹೋಗಬೇಕು ಅಂದರೆ, ನೇರಳೆ ಬೇಕಿದ್ದರೆ ಆಗಸ್ಟ್, ಹಂದಿ ಮತ್ತು ಬಣ್ಣದ ಎಲೆ ಬೇಕಿದ್ದರೆ ಅಕ್ಟೋಬರ್. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು, ಬೇಡ. ಬ್ಯಾಂಕ್ ಹಾಲಿಡೇ ಅನ್ನೋ ಸಾರ್ವಜನಿಕ ರಜೆಯ ವಾರಾಂತ್ಯವಂತೂ ಬೇಡವೇ ಬೇಡ. ಜಲ್ಲಿ ದಾರಿ ಖಾಲಿಯೇ ಇರುತ್ತದೆ, ಆದರೆ ನಾನು ಹೇಳಿದ ಆ ಡಾಂಬರಿನ ತುಂಡುಗಳಲ್ಲಿ ಕಾರಿನ ಸಾಲು ನಿಂತಿರುತ್ತದೆ. ಬ್ಯಾಟರಿ ಸೈಕಲ್ ಬೇಕಾ ಅಂತ ಕೇಳುವವರಿಗೆ: ಮೊಣಕಾಲು ನೋವಿದ್ದ ಅಪ್ಪ ಅಮ್ಮ ಜೊತೆಗಿದ್ದರೆ ತೆಗೆದುಕೊಳ್ಳಿ, ಉಳಿದವರು ಆ ದುಡ್ಡನ್ನು ಬರ್ಲಿಯಲ್ಲಿ ಬನ್ನು, ಜಾಮಿಗೆ ಹಾಕಿ.